ದೀಪದ ಸಾಲಿಗೆ ಅಡ್ಡ ಬಂದ ಎಸಿ ಡಕ್ಟ್: ಸರಿಸಬೇಕಾದದ್ದು ಯಾವುದನ್ನು?

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಹಾಲ್ 20 ಅಡಿ ಉದ್ದ, 14 ಅಡಿ ಅಗಲ ಇದೆ. ಫಾಲ್ಸ್ ಸೀಲಿಂಗ್ ಮೇಲೆ 3 ಟನ್ನಿನ ಡಕ್ಟೆಬಲ್ ಎಸಿಯ ಡಕ್ಟ್ (ತಣ್ಣನೆಯ ಗಾಳಿ ಸಾಗುವ ತಗಡಿನ ಕೊಳವೆ, 24 ಇಂಚು ಅಗಲ, 8 ಇಂಚು ಎತ್ತರ) ಪೂರ್ವದ ಗೋಡೆಯ ಪಕ್ಕದಲ್ಲಿ ಉದ್ದಕ್ಕೆ ಸಾಗಿ ಮಲಗುವ ಕೋಣೆಗಳಿಗೆ ಹೋಗುತ್ತದೆ. ಹಳೆಯ ಸೀಲಿಂಗ್ ತೆಗೆಸಿ, ಗೋಡೆಯಿಂದ 42 ಇಂಚು ಒಳಗೆ ಎರಡು ಸಾಲಿನಲ್ಲಿ ಎಂಟು ಡೌನ್‌ಲೈಟ್ ಕೂರಿಸಬೇಕೆಂದಿದ್ದೇವೆ. ಪೂರ್ವದ ಸಾಲು ಡಕ್ಟ್‌ನ ಕೆಳಗೇ ಬರುತ್ತದೆ, ಪಶ್ಚಿಮದ ಸಾಲಿನ ಒಂದು ದೀಪಕ್ಕೆ ಡಕ್ಟ್‌ನಿಂದ ಕವಲೊಡೆದ, ಬಾಗುವ ಫ್ಲೆಕ್ಸಿಬಲ್ ಪೈಪ್ ಅಡ್ಡವಾಗುತ್ತದೆ. ಡಕ್ಟ್‌ನ ಎತ್ತರವನ್ನು 5 ಇಂಚಿಗೆ ಇಳಿಸಿದರೆ ಸಾಕೆಂದು ಇಲೆಕ್ಟ್ರಿಷಿಯನ್ ಹೇಳುತ್ತಾರೆ. ಡಕ್ಟ್ ತೆಗೆದು ಫ್ಲೆಕ್ಸಿಬಲ್ ಹಾಕೋಣವೆಂದು ಎಸಿ ಕೆಲಸದವರು ಹೇಳುತ್ತಾರೆ. ಇಡೀ ಡಕ್ಟನ್ನೇ ಸ್ಥಳಾಂತರಿಸುವುದು ಒಳ್ಳೆಯದೆಂದು ನನಗೆ ಅನ್ನಿಸುತ್ತದೆ. ದೀಪಗಳನ್ನು ಈಗಾಗಲೇ ಕೊಂಡಾಗಿದೆ. 9 ವ್ಯಾಟ್‌ನ ಸಿಒಬಿ (ಹಲವು ಎಲ್‌ಇಡಿ ಚಿಪ್‌ಗಳನ್ನು ಒಂದೇ ಬಿಲ್ಲೆಯ ಮೇಲೆ ಕೂರಿಸಿದ ದೀಪ), ಆಳ 95 ಮಿ.ಮೀ. ಶಿರಸಿಯ ತವರುಮನೆಯ ಜಗಲಿಗೂ ಇಂಥದೇ ದೀಪ ಹಾಕಿಸಬಹುದೇ ಎಂಬುದನ್ನೂ ತಿಳಿಸಿ.

ಉತ್ತರ: ಅಳತೆಗಳನ್ನೂ ಸೀಲಿಂಗ್ ಬಿಚ್ಚಿದ ಮೇಲಿನ ಚಿತ್ರಗಳನ್ನೂ ಕಳುಹಿಸಿದ್ದೀರಿ, ಹಾಗಾಗಿ ಊಹೆಯ ಮೇಲೆ ಹೇಳಬೇಕಾದ ಪ್ರಮೇಯ ಬರಲಿಲ್ಲ. ನಿಮ್ಮ ಮುಖ್ಯ ಡಕ್ಟನ್ನು ಮುಟ್ಟಬೇಡಿ. ದೀಪದ ಸಾಲನ್ನು ಸರಿಸಿ, ಅಡ್ಡ ಬಂದಿರುವ ಒಂದು ಫ್ಲೆಕ್ಸಿಬಲ್ ಕವಲನ್ನು ಮಾತ್ರ ಪಕ್ಕಕ್ಕೆ ತಿರುಗಿಸಿ. ಹೀಗೇಕೆ ಹೇಳುತ್ತಿದ್ದೇನೆಂಬುದಕ್ಕೆ ಸ್ವಲ್ಪ ಲೆಕ್ಕ ನೋಡಬೇಕಾಗುತ್ತದೆ.

ಮೊದಲು ಒಂದು ಗೊಂದಲವನ್ನು ನಿವಾರಿಸಿಬಿಡುತ್ತೇನೆ. ದೀಪಕ್ಕಾಗಿ ಡಕ್ಟ್ ಸರಿಸುವ ವಿಡಿಯೋಗಳನ್ನು ನೋಡಿದ್ದಾಗಿ ಬರೆದಿದ್ದೀರಿ. ಅವು ಹೆಚ್ಚಿನವು ಅಮೆರಿಕದ ಮರದ ಮನೆಗಳವು. ಅಲ್ಲಿ ಸುಮಾರು 16 ಇಂಚಿಗೊಂದರಂತೆ ಇರುವ ಮರದ ತೊಲೆಗಳ ನಡುವಿನ ಸಂದಿನಲ್ಲಿ ಡಕ್ಟ್ ಹಾಯುತ್ತದೆ, ಅದೇ ಸಂದಿನಲ್ಲಿ ದೀಪದ ತಗಡಿನ ಡಬ್ಬಿಯೂ ಕೂರಬೇಕು. ಹಳೆಯ ಮಾದರಿಯ 6 ಇಂಚಿನ ದೀಪದ ಡಬ್ಬಿ ಸುಮಾರು ಏಳೂವರೆ ಇಂಚು ಎತ್ತರ ಇರುತ್ತಿದ್ದುದರಿಂದ ಎರಡಕ್ಕೂ ಒಂದೇ ಸಂದಿನಲ್ಲಿ ಜಾಗ ಸಾಲದೆ, ಡಕ್ಟನ್ನು ಪಕ್ಕದ ಸಂದಿಗೆ ದಾಟಿಸುವುದು ಅವರಿಗೆ ಅನಿವಾರ್ಯವಾಗುತ್ತಿತ್ತು. ನಮ್ಮ ಮನೆಗಳಲ್ಲಿ ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಕೆಳಗೆ ತೂಗುಹಾಕಿದ ಜಿಪ್ಸಮ್ ಹಲಗೆ, ನಡುವೆ ಎಲ್ಲ ದಿಕ್ಕಿಗೂ ತೆರೆದ ಖಾಲಿ ಜಾಗ. ಇಲ್ಲಿ ದೀಪವನ್ನು ಯಾವ ದಿಕ್ಕಿಗಾದರೂ ಸರಿಸಬಹುದು. ಅವರಿಗಿಲ್ಲದ ಆ ಸೌಕರ್ಯ ನಮಗಿರುವಾಗ ಅದನ್ನು ಬಿಟ್ಟು ಡಕ್ಟ್ ಕತ್ತರಿಸಲು ಹೊರಡುವುದು ನನಗೆ ಸರಿಕಾಣುವುದಿಲ್ಲ.

ಈಗ ನಿಮ್ಮ ಎತ್ತರದ ಲೆಕ್ಕ. ಸ್ಲ್ಯಾಬ್‌ನಿಂದ ಜಿಪ್ಸಮ್ ಹಲಗೆಯ ಮೇಲ್ಮೈವರೆಗೆ 15 ಇಂಚು, ಅಂದರೆ 381 ಮಿ.ಮೀ. ಇದರಲ್ಲಿ ಡಕ್ಟ್ ಸ್ಲ್ಯಾಬ್‌ನಿಂದ 2 ಇಂಚು ಕೆಳಗೆ ತೂಗುತ್ತದೆ. ಡಕ್ಟ್‌ನ ಎತ್ತರ 8 ಇಂಚು, ಮೇಲೂ ಕೆಳಗೂ 19 ಮಿ.ಮೀ. ದಪ್ಪದ ನೈಟ್ರೈಲ್ ರಬ್ಬರ್ ಹೊದಿಕೆ. ಎಲ್ಲ ಕೂಡಿಸಿದರೆ 292 ಮಿ.ಮೀ. ಹೋಗಿ, ಹಲಗೆಯ ಮೇಲೆ 89 ಮಿ.ಮೀ. ಉಳಿಯುತ್ತದೆ. ನಿಮ್ಮ ದೀಪದ ಆಳ 95 ಮಿ.ಮೀ. ಅದರಲ್ಲಿ ಹನ್ನೆರಡೂವರೆ ಮಿ.ಮೀ. ಹಲಗೆಯ ದಪ್ಪದಲ್ಲೇ ಕಳೆಯುವುದರಿಂದ, ಹಲಗೆಯ ಮೇಲೆ ಚಾಚುವುದು 82.5 ಮಿ.ಮೀ. ಅಂದರೆ ದೀಪದ ತಲೆಗೂ ಡಕ್ಟ್‌ನ ಹೊದಿಕೆಗೂ ಮಧ್ಯೆ ಆರೂವರೆ ಮಿ.ಮೀ. ಸಂದು ಸಿಗುತ್ತದೆ. ‘ಡಕ್ಟ್ ಹಾಗೇ ಇದ್ದರೂ ಒತ್ತಿ ಕೂರಿಸಬಹುದು’ ಎಂದು ಪಿಒಪಿ ಕೆಲಸದವರು ಹೇಳಿದ್ದು ಈ ಕಾರಣಕ್ಕೆ. ಕೂರಿಸಬಹುದು, ಹೌದು. ಆದರೆ ಆ ಆರೂವರೆ ಮಿ.ಮೀ. ಸಂದಿನಲ್ಲಿ ದೀಪದ ವೈರೂ ಹಾಯಬೇಕು, ಶಾಖವೂ ಹೊರಹೋಗಬೇಕು, ಮಳೆಗಾಲದ ತೇವವೂ ಅಲ್ಲೇ ನಿಲ್ಲುತ್ತದೆ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಹಲವು ವರ್ಷಗಳ ಹಿಂದೆ ಅಂಕೋಲಾದ ಒಂದು ಮನೆಯಲ್ಲಿ ದೀಪದ ಸಾಲು ಗೆರೆ ಎಳೆದಂತೆ ನೇರವಾಗಿ ಬರಬೇಕೆಂಬ ಹಟದಲ್ಲಿ ಮೂರು ದೀಪಗಳನ್ನು ಡಕ್ಟ್‌ನ ಹೊದಿಕೆಗೆ ತಾಗಿಸಿ ಕೂರಿಸಿದ್ದೆ. ಮೊದಲ ಬೇಸಿಗೆ ಚೆನ್ನಾಗಿಯೇ ಕಳೆಯಿತು. ಆಷಾಢದ ಹೊತ್ತಿಗೆ ಆ ಮೂರು ದೀಪಗಳ ಸುತ್ತಲೂ ಚಹಾದ ಬಣ್ಣದ ಕಲೆ ಮೂಡಿತು, ದೀಪಕ್ಕೆ ಕರೆಂಟನ್ನು ಹದಗೊಳಿಸಿ ಕೊಡುವ ಎರಡು ಡ್ರೈವರ್‌ಗಳು ಸುಟ್ಟವು. ಹಲಗೆ ತೆಗೆದು ನೋಡಿದರೆ ದೀಪದ ತಲೆ ಒತ್ತಿದ ಜಾಗದಲ್ಲಿ ನೈಟ್ರೈಲ್ ಅರ್ಧಕ್ಕರ್ಧ ಚಪ್ಪಟೆಯಾಗಿ, ಅಲ್ಲಿಂದಲೇ ನೀರು ಹನಿಯುತ್ತಿತ್ತು. ಆ ಮನೆಯವರು ಒಳ್ಳೆಯವರು, ಹೆಚ್ಚು ಏನೂ ಅನ್ನಲಿಲ್ಲ. ಸೀಲಿಂಗನ್ನು ನನ್ನ ಖರ್ಚಿನಲ್ಲೇ ಮತ್ತೆ ಮಾಡಿಸಿಕೊಟ್ಟೆ.

ಹಾಗೇಕಾಯಿತೆಂಬುದು ನಿಮ್ಮ ಮನೆಗೂ ಮುಖ್ಯ. ಎಸಿಯಿಂದ ಹೊರಟ ಗಾಳಿ ಡಕ್ಟ್‌ನೊಳಗೆ ಸುಮಾರು 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹರಿಯುತ್ತದೆ. ಹೊರಗೆ 30 ಡಿಗ್ರಿ ಉಷ್ಣತೆ ಮತ್ತು ಶೇಕಡಾ 80ರ ತೇವಾಂಶ ಇದ್ದರೆ, ಆ ಗಾಳಿ 26 ಡಿಗ್ರಿಗಿಂತ ಸ್ವಲ್ಪ ಮೇಲೆಯೇ ಇಬ್ಬನಿ ಕಟ್ಟತೊಡಗುತ್ತದೆ. ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಥ ಗಾಳಿ ಅಪರೂಪವಲ್ಲ. ಹೊದಿಕೆಯ ಹೊರಮೈ ಆ 26 ಡಿಗ್ರಿಗಿಂತ ತಣ್ಣಗಾದರೆ ಡಕ್ಟ್ ಬೆವರುತ್ತದೆ. ಲೆಕ್ಕ ಹಾಕಿ ನೋಡಿದರೆ, 13 ಮಿ.ಮೀ. ನೈಟ್ರೈಲ್ ಹೊದಿಸಿದ ಡಕ್ಟ್‌ನ ಹೊರಮೈ ಈ ಸ್ಥಿತಿಯಲ್ಲಿ ಸುಮಾರು 25.7 ಡಿಗ್ರಿಗೆ ಇಳಿಯುತ್ತದೆ, ಅಂದರೆ ಖಂಡಿತ ಬೆವರುತ್ತದೆ. 19 ಮಿ.ಮೀ. ಇದ್ದರೆ 26.7ರ ಆಸುಪಾಸಿನಲ್ಲಿ ನಿಂತು, ಅರ್ಧ ಡಿಗ್ರಿಯಷ್ಟರಲ್ಲಿ ಪಾರಾಗುತ್ತದೆ. 25 ಮಿ.ಮೀ. ಇದ್ದರೆ 27.3ರಷ್ಟಿದ್ದು ಒಂದಿಷ್ಟು ನಿರಾಳ. ನಿಮ್ಮ 19 ಮಿ.ಮೀ. ಹೊದಿಕೆಯನ್ನು ದೀಪದ ತಲೆ ಒತ್ತಿ 13 ಮಿ.ಮೀ. ಮಾಡಿದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಇನ್ನೊಂದು ಮಾತು. ಈ ಲೆಕ್ಕವೆಲ್ಲ ಹೊದಿಕೆಯ ಹೊರಮೈಗೆ ಗಾಳಿ ಸಲೀಸಾಗಿ ತಾಗುತ್ತಿದ್ದಾಗಿನದು. ಹಲಗೆಗೂ ಡಕ್ಟ್‌ಗೂ ನಡುವಿನ ಸಂದು ಕಿರಿದಾಗಿ ಗಾಳಿ ನಿಂತುಬಿಟ್ಟರೆ ಹೊರಮೈ ಇನ್ನೂ ತಣ್ಣಗಾಗುತ್ತದೆ. ಆದ್ದರಿಂದ ಡಕ್ಟ್‌ನ ಹೊದಿಕೆಗೂ ಅದರ ಕೆಳಗಿನ ಯಾವುದೇ ವಸ್ತುವಿಗೂ ಮಧ್ಯೆ ಕನಿಷ್ಠ ಒಂದು ಇಂಚು ಗಾಳಿಯಾಡುವ ಜಾಗವನ್ನು ನಾನು ಬಿಡಿಸುತ್ತೇನೆ. ಕರಾವಳಿಯಲ್ಲಿ ಡಕ್ಟ್‌ನ ಅಳತೆ ಎಂದರೆ ತಗಡಿನ ಅಳತೆಯಲ್ಲ, ಅದಕ್ಕೆ ಹೊದಿಕೆಯನ್ನೂ ಈ ಒಂದು ಇಂಚನ್ನೂ ಸೇರಿಸಿದ ಅಳತೆ.

ಸೀಲಿಂಗ್ ಹೇಗೂ ಬಿಚ್ಚಿದ್ದೀರಿ, ಹಾಗಾಗಿ ಈಗಲೇ ಹೊದಿಕೆಯನ್ನು 25 ಮಿ.ಮೀ.ಗೆ ಏರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಹಾಗೆ ಮಾಡಿದರೆ ಡಕ್ಟ್‌ನ ಕೆಳಗೆ ಉಳಿಯುವುದು 77 ಮಿ.ಮೀ. ಮಾತ್ರ. ಅಲ್ಲಿಗೆ ನಿಮ್ಮ ಸಿಒಬಿ ದೀಪವನ್ನು ಡಕ್ಟ್‌ನ ಕೆಳಗೆ ಕೂರಿಸುವ ಪ್ರಶ್ನೆಯೇ ಮುಗಿಯಿತು.

ಇನ್ನು ನಿಮಗೆ ಸಿಕ್ಕಿರುವ ಮೂರು ಸಲಹೆಗಳನ್ನು ನೋಡೋಣ.

ಡಕ್ಟನ್ನು 5 ಇಂಚಿಗೆ ಚಪ್ಪಟೆ ಮಾಡುವುದು ಕೇಳಲು ಸುಲಭ, ಮಾಡಲೂ ಸುಲಭ, ಹಾಗಾಗಿಯೇ ಇದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ನಿಮ್ಮ 3 ಟನ್ನಿನ ಘಟಕ, ನಮ್ಮ ತೇವದ ಹವೆಗೆ ಹೊಂದಿಸಿದಂತೆ ಟನ್ನಿಗೆ 350 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಎಂದು ಹಿಡಿದರೆ, ನಿಮಿಷಕ್ಕೆ 1,050 ಘನ ಅಡಿ ಗಾಳಿಯನ್ನು ತಳ್ಳುತ್ತದೆ. ಈಗಿರುವ 24×8 ಇಂಚಿನ ಡಕ್ಟ್‌ನಲ್ಲಿ ಆ ಗಾಳಿ ನಿಮಿಷಕ್ಕೆ ಸುಮಾರು 790 ಅಡಿ ವೇಗದಲ್ಲಿ ಹೋಗುತ್ತದೆ, ಮನೆಯ ಮುಖ್ಯ ಡಕ್ಟ್‌ಗೆ ಇದು ಹಿತವಾದ ವೇಗ. ಅಗಲವನ್ನು ಹಾಗೆಯೇ ಬಿಟ್ಟು ಎತ್ತರವನ್ನು 5 ಇಂಚಿಗೆ ಇಳಿಸಿದರೆ ವೇಗ 1,260 ಅಡಿಗೆ ಏರುತ್ತದೆ, ರಾತ್ರಿ ಟಿವಿ ಆರಿಸಿದ ಮೇಲೆ ಹಾಲ್‌ನಲ್ಲಿ ಗಾಳಿಯ ಸದ್ದು ಕೇಳತೊಡಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಅಷ್ಟೇ ಗಾಳಿಯನ್ನು ತಳ್ಳಲು ಪ್ರತಿ ಅಡಿಗೂ ಬೇಕಾಗುವ ಒತ್ತಡ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಮನೆಬಳಕೆಯ ಘಟಕದ ಫ್ಯಾನ್‌ಗೆ ಅಷ್ಟು ಕಸುವು ಇರುವುದಿಲ್ಲ, ಆದ್ದರಿಂದ ಅದು ಗಾಳಿಯನ್ನೇ ಕಡಿಮೆ ತಳ್ಳುತ್ತದೆ. ಗಾಳಿ ಕಡಿಮೆಯಾದರೆ ಘಟಕದೊಳಗೆ ಗಾಳಿಯನ್ನು ತಂಪಾಗಿಸುವ ಕಾಯಿಲ್ ಇನ್ನಷ್ಟು ತಣ್ಣಗಾಗುತ್ತದೆ, ಕೆಲವೊಮ್ಮೆ ಮಂಜುಗಟ್ಟುತ್ತದೆ. ಹೊರಬರುವ ಗಾಳಿ 13ಕ್ಕೆ ಬದಲು 10 ಡಿಗ್ರಿಗೆ ಬಂದರೆ, ಡಕ್ಟ್ ಬೆವರುವ ಲೆಕ್ಕವೂ ಅದರೊಂದಿಗೆ ಕೆಡುತ್ತದೆ.

ಎತ್ತರ ಇಳಿಸಿದಷ್ಟು ಅಗಲ ಹೆಚ್ಚಿಸಿದರಾಯಿತಲ್ಲ ಎಂದು ಕೇಳಬಹುದು. ವಿಸ್ತೀರ್ಣ ಅಷ್ಟೇ ಇರಲಿ ಎಂದು 5 ಇಂಚು ಎತ್ತರ, ಮೂವತ್ತೆಂಟು ಇಂಚು ಚಿಲ್ಲರೆ ಅಗಲ ಮಾಡಿದರೂ ಘರ್ಷಣೆ ಸುಮಾರು ಶೇಕಡಾ 45ರಷ್ಟು ಏರುತ್ತದೆ. ಚಪ್ಪಟೆಯಾದ ಡಕ್ಟ್‌ನಲ್ಲಿ ಅಷ್ಟೇ ಗಾಳಿ ಹೆಚ್ಚು ತಗಡಿಗೆ ಉಜ್ಜುತ್ತಾ ಹೋಗುತ್ತದೆ ಎಂಬುದೇ ಇದಕ್ಕೆ ಕಾರಣ. ಈಗಿನಷ್ಟೇ ಸಲೀಸಾಗಿ ಗಾಳಿ ಹೋಗಬೇಕೆಂದರೆ 5 ಇಂಚಿನ ಡಕ್ಟ್ ಸುಮಾರು 46 ಇಂಚು ಅಗಲ ಇರಬೇಕಾಗುತ್ತದೆ. ಅಗಲವು ಎತ್ತರದ ನಾಲ್ಕು ಪಟ್ಟನ್ನು ಮೀರಬಾರದೆಂಬ ಕಸುಬಿನ ರೂಢಿಯನ್ನು ಅದು ಎರಡು ಪಟ್ಟಿಗಿಂತ ಹೆಚ್ಚು ಮೀರುತ್ತದೆ. ತಗಡು ಮತ್ತು ಹೊದಿಕೆ ಶೇಕಡಾ 60ರಷ್ಟು ಹೆಚ್ಚು ಬೇಕು, ನಡುವೆ ತಗಡು ಜೋಲದಂತೆ ಆಧಾರ ಕೊಡಬೇಕು. ದೀಪಕ್ಕೆ ಮೂರು ಇಂಚು ಎತ್ತರ ಸಂಪಾದಿಸಲು ಹೋಗಿ ಸುಮಾರು ನಾಲ್ಕು ಅಡಿ ಅಗಲದ ಸೀಲಿಂಗನ್ನು ಡಕ್ಟ್‌ಗೆ ಬಿಟ್ಟುಕೊಟ್ಟಂತಾಯಿತು.

ಫ್ಲೆಕ್ಸಿಬಲ್ ಹಾಕುವ ಸಲಹೆಗೆ ಉತ್ತರ ಇನ್ನೂ ಚಿಕ್ಕದು. ನಿಮ್ಮ 24×8 ಡಕ್ಟ್‌ಗೆ ಘರ್ಷಣೆಯಲ್ಲಿ ಸರಿಸಮನಾದ ದುಂಡು ಪೈಪ್‌ನ ವ್ಯಾಸ ಹದಿನಾಲ್ಕೂವರೆ ಇಂಚಿಗಿಂತ ಸ್ವಲ್ಪ ಹೆಚ್ಚು. ಒಳಮೈ ಸುಕ್ಕುಸುಕ್ಕಾಗಿರುವ ಫ್ಲೆಕ್ಸಿಬಲ್‌ಗೆ 16 ಇಂಚು ಬೇಕು, ಹೊದಿಕೆ ಸೇರಿದರೆ ಅದು 15 ಇಂಚಿನ ಪೊಳ್ಳಿನಲ್ಲಿ ಹಿಡಿಸುವುದೇ ಇಲ್ಲ. ಎರಡು ಪೈಪ್‌ಗಳಾಗಿ ಒಡೆದು ಹಾಕಿದರೆ ತಲಾ 12 ಇಂಚು, ಹೊದಿಕೆಯೊಂದಿಗೆ 14 ಇಂಚು, ಅಂದರೆ ಈಗಿನ ಡಕ್ಟ್‌ಗಿಂತ ಹೆಚ್ಚು ಅಗಲವೂ ಹೆಚ್ಚು ಎತ್ತರವೂ ಆಗುತ್ತದೆ. ಫ್ಲೆಕ್ಸಿಬಲ್ ಒಳ್ಳೆಯ ವಸ್ತುವೇ, ಆದರೆ ಅದರ ಜಾಗ ಡಕ್ಟ್‌ನಿಂದ, ಕೋಣೆಗೆ ಗಾಳಿ ಬಿಡುವ ಬಾಯಿಯಾದ ಡಿಫ್ಯೂಸರ್‌ವರೆಗಿನ ಕೊನೆಯ ಕೆಲವು ಅಡಿಗಳಲ್ಲಿ.

ಡಕ್ಟನ್ನೇ ಸ್ಥಳಾಂತರಿಸುವ ನಿಮ್ಮ ಆಲೋಚನೆ ತಾಂತ್ರಿಕವಾಗಿ ಈ ಮೂರರಲ್ಲಿ ಹೆಚ್ಚು ಸರಿಯಾದದ್ದು. ಪಶ್ಚಿಮಕ್ಕೆ ದಾಟಿಸುವುದು ಮಾತ್ರ ಸಾಧ್ಯವಿಲ್ಲ, ಏಕೆಂದರೆ ಚಿತ್ರದಲ್ಲಿ ಕಾಣುವ ಬೀಮ್ ಅಡ್ಡ ಬರುತ್ತದೆ. ಬೀಮ್‌ನಲ್ಲಿ ತೂತು ಕೊರೆದು ಡಕ್ಟ್ ಹಾಯಿಸುತ್ತೇವೆಂದು ಯಾರಾದರೂ ಹೇಳಿದರೆ ಅವರನ್ನು ಮನೆಯೊಳಗೆ ಬಿಡಬೇಡಿ. ಪೂರ್ವದ ಗೋಡೆಯ ಕಡೆಗೆ ಸರಿಸಲು ಸಾಧ್ಯವಿದೆ. 25 ಮಿ.ಮೀ. ಹೊದಿಕೆ ಸೇರಿದ ಡಕ್ಟ್ ಈಗ ಗೋಡೆಯಿಂದ 27ರಿಂದ 53 ಇಂಚಿನವರೆಗೆ ಹರಡಿಕೊಂಡಿದೆ. ಹೊದಿಕೆ ಅಂಟಿಸುವವರ ಕೈ ಆಡುವಷ್ಟು 5 ಇಂಚು ಬಿಟ್ಟು 5ರಿಂದ 31 ಇಂಚಿನವರೆಗೆ ತಂದರೆ, 42 ಇಂಚಿನಲ್ಲಿರುವ ದೀಪದ ಸಾಲು ಪೂರ್ತಿ ತೆರವಾಗುತ್ತದೆ. ಇದಕ್ಕಾಗಿ ಘಟಕದ ಬಾಯಿಯಿಂದ ಹೊರಟ ಡಕ್ಟನ್ನು 22 ಇಂಚು ಪಕ್ಕಕ್ಕೆ ತಿರುಗಿಸಬೇಕು. 30 ಡಿಗ್ರಿಯ ಎರಡು ಮೆದು ತಿರುವುಗಳಲ್ಲಿ ಇದನ್ನು ಮಾಡಲು ಸುಮಾರು 38 ಇಂಚು ಉದ್ದ ಬೇಕಾಗುತ್ತದೆ, ತಿರುವುಗಳ ದುಂಡಿಗೆ ಇನ್ನಷ್ಟು ಸೇರಿಸಿಕೊಳ್ಳಬೇಕು. ಜಾಗ ಉಳಿಸಲೆಂದು 90 ಡಿಗ್ರಿಯ ಎರಡು ಚೌಕ ತಿರುವು ಕೊಟ್ಟರೆ, ಒಳಗೆ ಗಾಳಿ ತಿರುಗಿಸುವ ತಗಡಿನ ರೆಕ್ಕೆಗಳಿಲ್ಲದ ಪಕ್ಷದಲ್ಲಿ, ಅವೆರಡೇ ಫ್ಯಾನ್‌ನ ಒತ್ತಡದಲ್ಲಿ ದೊಡ್ಡ ಪಾಲನ್ನು ತಿಂದುಹಾಕುತ್ತವೆ. ಇದಿಷ್ಟನ್ನೂ ಸರಿಯಾಗಿ ಮಾಡಿಸಿದರೂ ಹೊಸ ತಗಡು, ಹೊಸ ತೂಗುಸರಳು, ಹೊಸ ಹೊದಿಕೆ, ಉದ್ದವಾಗುವ ಕವಲುಗಳು ಎಂದು ಖರ್ಚು ದೀಪಗಳ ಬೆಲೆಯ ಎಷ್ಟೋ ಪಟ್ಟಾಗುತ್ತದೆ. ಇಷ್ಟರಿಂದ ಸಿಗುವುದು ದೀಪ 42ನೇ ಇಂಚಿನಲ್ಲಿ ಕೂತಿತೆಂಬ ಸಮಾಧಾನ ಒಂದೇ.

ದೀಪ 42ನೇ ಇಂಚಿನಲ್ಲೇ ಏಕಿರಬೇಕು? ಗೋಡೆಯಿಂದ ದೀಪಕ್ಕಿರುವ ದೂರವು ಎರಡು ಸಾಲುಗಳ ನಡುವಿನ ದೂರದ ಅರ್ಧದಷ್ಟಿರಲಿ ಎಂಬ ಸಾಮಾನ್ಯ ಸೂತ್ರದಿಂದ ಈ ಅಂಕಿ ಬಂದಿದೆ. ಕಚೇರಿಗೆ ಅದು ಒಳ್ಳೆಯ ಸೂತ್ರ, ಮನೆಯ ಹಾಲ್‌ಗೆ ಕಡ್ಡಾಯವಲ್ಲ. ಅದಕ್ಕಿಂತ ಮುಖ್ಯವಾದದ್ದು ದೀಪದ ಕೋನ. ನಿಮ್ಮ ಸಿಒಬಿ ದೀಪದ ಪೆಟ್ಟಿಗೆಯ ಮೇಲೆ 36 ಡಿಗ್ರಿ ಎಂದು ಬರೆದಿದೆ. 9 ಅಡಿ ಎತ್ತರದ ಸೀಲಿಂಗ್‌ನಿಂದ, ಕುಳಿತವರ ಕೈಯಲ್ಲಿರುವ ಪುಸ್ತಕದ ಮಟ್ಟಕ್ಕೆ ಆರೂವರೆ ಅಡಿ ಎಂದು ಹಿಡಿದರೆ, ಈ ದೀಪ ಬೆಳಗುವುದು ಸುಮಾರು ನಾಲ್ಕು ಅಡಿ ಕಾಲು ವ್ಯಾಸದ ಒಂದು ವೃತ್ತವನ್ನು. ಏಳಡಿಗೊಂದು ಸಾಲು ಮಾಡಿದರೆ ನಡುವೆ ಕತ್ತಲಿನ ಪಟ್ಟಿ ಉಳಿಯುತ್ತದೆ. ಡಕ್ಟ್ ಸರಿಸಿ, ಅಷ್ಟೆಲ್ಲ ಖರ್ಚು ಮಾಡಿದ ಮೇಲೂ ಹಾಲ್ ಮಬ್ಬಾಗಿಯೇ ಇರುತ್ತಿತ್ತು ಎಂಬುದನ್ನು ಸ್ವಲ್ಪ ಬೇಸರದಿಂದಲೇ ಹೇಳಬೇಕಾಗಿದೆ.

ಆದ್ದರಿಂದ ಹೀಗೆ ಮಾಡಿ. ಕೊಂಡಿರುವ ಸಿಒಬಿ ದೀಪಗಳಲ್ಲಿ ನಾಲ್ಕನ್ನು ಪೂರ್ವದ ಗೋಡೆಯಿಂದ 22 ಇಂಚು ದೂರದಲ್ಲಿ, ಡಕ್ಟ್‌ನ ಪಕ್ಕದ ಖಾಲಿ ಜಾಗದಲ್ಲಿ ಕೂರಿಸಿ. ಅಲ್ಲಿ ಸ್ಲ್ಯಾಬ್‌ವರೆಗೆ 15 ಇಂಚೂ ತೆರವಿರುವುದರಿಂದ 95 ಮಿ.ಮೀ. ಆಳಕ್ಕೆ ಯಾವ ಅಡ್ಡಿಯೂ ಇಲ್ಲ. ಮೂರು ಇಂಚಿನ ತೂತಿನ ಅಂಚಿನಿಂದ ಡಕ್ಟ್‌ನ ಹೊದಿಕೆಗೆ ಮೂರೂವರೆ ಇಂಚು ಸಿಗುತ್ತದೆ. ಡಕ್ಟ್‌ನ ತೂಗುಸರಳುಗಳು ಈ ಮೂರೂವರೆ ಇಂಚಿನೊಳಗೇ ಇಳಿದಿರುತ್ತವೆ, ದೀಪದ ಸ್ಥಾನ ಗುರುತಿಸುವಾಗ ಅವನ್ನು ನೋಡಿಕೊಳ್ಳಿ. ಗೋಡೆಗೆ ಇಷ್ಟು ಹತ್ತಿರವಿರುವ ಕಿರಿದಾದ ಕೋನದ ದೀಪ ಗೋಡೆಯ ಮೇಲೆ ಬೆಳಕಿನ ಕಮಾನುಗಳನ್ನು ಮೂಡಿಸುತ್ತದೆ. ಆ ಗೋಡೆಯ ಮೇಲೆ ಹಿರಿಯರ ಭಾವಚಿತ್ರಗಳಿವೆ ಎಂದು ಬರೆದಿದ್ದೀರಿ, ಅವುಗಳಿಗೆ ಇದು ಒಪ್ಪುತ್ತದೆ. ಹಾಲ್‌ನ ಮುಖ್ಯ ಬೆಳಕಿಗೆ ಎರಡನೆಯ ಸಾಲಿನಲ್ಲಿ ಸಿಒಬಿ ಬೇಡ, 12 ವ್ಯಾಟ್‌ನ ತೆಳು ಎಲ್‌ಇಡಿ ಪ್ಯಾನೆಲ್‌ಗಳನ್ನು ಪಶ್ಚಿಮದ ಗೋಡೆಯಿಂದ 56 ಇಂಚು ಒಳಗೆ ಹಾಕಿಸಿ. ಅವು ಅಗಲವಾಗಿ ಬೆಳಕು ಚೆಲ್ಲುವುದರಿಂದ ನಡುವಿನ ಜಾಗವೂ ತುಂಬುತ್ತದೆ. ಉಳಿದ ನಾಲ್ಕು ಸಿಒಬಿಗಳನ್ನು ಅಂಗಡಿಯವರು ಹಿಂದಕ್ಕೆ ಪಡೆಯದಿದ್ದರೆ ದೇವರಕೋಣೆಗೂ ಊಟದ ಮೇಜಿನ ಮೇಲಕ್ಕೂ ಬಳಸಬಹುದು. ಮುಂದೆಂದಾದರೂ ಡಕ್ಟ್‌ನ ಕೆಳಗೇ ದೀಪ ಬೇಕೆನಿಸಿದರೆ ಅಲ್ಲಿಯೂ ಇಂಥ ಪ್ಯಾನೆಲ್ ಕೂರುತ್ತದೆ, ಆಳ 40 ಮಿ.ಮೀ. ಮೀರದಂತೆ ಆರಿಸಿಕೊಂಡರೆ 77 ಮಿ.ಮೀ.ಯಲ್ಲಿ ಗಾಳಿಯಾಡಲು ಬೇಕಾದ ಇಂಚು ಉಳಿದೇ ಉಳಿಯುತ್ತದೆ. ಅಂಥ ಕಡೆ ಪ್ರತ್ಯೇಕವಾಗಿರುವ ಡ್ರೈವರ್ ಡಬ್ಬಿಯನ್ನು ಮಾತ್ರ ಡಕ್ಟ್‌ನ ಅಡಿಯಲ್ಲಿ ಬಿಡದೆ ಪಕ್ಕಕ್ಕೆ ಎಳೆದಿಡಿಸಿ.

ಇನ್ನು ಸರಿಸಲೇಬೇಕಾದ ಆ ಒಂದು ಕವಲು. 8 ಇಂಚಿನ ಫ್ಲೆಕ್ಸಿಬಲ್ ಹೊದಿಕೆಯೊಂದಿಗೆ ಸುಮಾರು 10 ಇಂಚಾಗುತ್ತದೆ, ಪಶ್ಚಿಮದ ಹೊಸ ಸಾಲಿನಲ್ಲೂ ಮೂರನೆಯ ದೀಪದ ನೆತ್ತಿಯ ಮೇಲೇ ಹಾಯುತ್ತದೆ. ಡಿಫ್ಯೂಸರ್ ಇದ್ದಲ್ಲೇ ಇರಲಿ. ಪೈಪನ್ನು ನಡುವೆ ಒಂದು ಅಡಿಗಿಂತ ಸ್ವಲ್ಪ ಹೆಚ್ಚು ಪಕ್ಕಕ್ಕೆ ಬಳಸಿ ತಂದರೆ ಸಾಕು. ತಿರುವು ಪೈಪ್‌ನ ವ್ಯಾಸಕ್ಕಿಂತ ಬಿಗಿಯಾಗಬಾರದು. ಹಳೆಯ ಪೈಪ್ ಉದ್ದ ಸಾಲದಿದ್ದರೆ ತುಂಡು ಜೋಡಿಸದೆ ಪೂರ್ತಿ ಹೊಸದನ್ನು ಹಾಕಿಸಿ, ಉದ್ದ ಹೆಚ್ಚಾದರೆ ಹೆಚ್ಚಿದ್ದನ್ನು ಕತ್ತರಿಸಿ ತೆಗೆಸಿ. ‘ಇರಲಿ ಬಿಡಿ, ಮುಂದೆ ಬೇಕಾದೀತು’ ಎಂದು ಹಾವಿನಂತೆ ಮಡಚಿ ಬಿಡುವ ಅಭ್ಯಾಸ ಎಲ್ಲೆಡೆ ಇದೆ. ಎಳೆದು ಬಿಗಿ ಮಾಡದ ಫ್ಲೆಕ್ಸಿಬಲ್‌ನಲ್ಲಿ ಘರ್ಷಣೆ ಎರಡು ಪಟ್ಟನ್ನೂ ಮೀರುತ್ತದೆ. ನಾಲ್ಕು ಅಡಿಗೊಂದರಂತೆ ಅಗಲವಾದ ಪಟ್ಟಿಯಿಂದ ತೂಗಿಸಬೇಕು. ಕಟ್ಟುವ ತಂತಿ ಬಳಸಿದರೆ ಅದು ಹೊದಿಕೆಯನ್ನು ಕೊರೆದು, ಆ ಸೀಳಿನಲ್ಲೇ ಬೆವರು ಶುರುವಾಗುತ್ತದೆ.

ಕೀಲುಗಳ ವಿಷಯದಲ್ಲಿ ಕಣ್ಣಿಟ್ಟು ನಿಲ್ಲಿ. ತಗಡಿನ ಕೀಲಿಗೆ ಮಾಸ್ಟಿಕ್ ಎಂಬ ಅಂಟುಲೇಪ ಅಥವಾ ಅಲ್ಯೂಮಿನಿಯಂ ಟೇಪ್ ಹಾಕಬೇಕು, ಬಟ್ಟೆಯ ಟೇಪ್ ನಮ್ಮ ತೇವಕ್ಕೆ ಒಂದೆರಡು ಮಳೆಗಾಲದಲ್ಲೇ ಸುಲಿದು ಬರುತ್ತದೆ. ಸಣ್ಣ ಸೋರಿಕೆಯೂ ತಣ್ಣನೆಯ ಗಾಳಿಯನ್ನು ಹೊದಿಕೆಯ ಹೊರಮೈಗೆ ಊದಿ ಅಲ್ಲಿ ನೀರು ಕಟ್ಟಿಸುತ್ತದೆ. ಕತ್ತರಿಸಿದ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡಿನ ಅಂಚಿಗೆ ಸತುವಿನ ಬಣ್ಣ ಬಳಿಸಿ, ಹೊಸ ಸ್ಕ್ರೂ ಮತ್ತು ಸರಳುಗಳು ಸ್ಟೇನ್‌ಲೆಸ್ ಉಕ್ಕಿನವಾಗಿರಲಿ. ಕಾಳಿ ಸಮುದ್ರ ಸೇರುವ ಜಾಗದ ಪಕ್ಕದಲ್ಲಿದ್ದೀರಿ, ಉಪ್ಪುಗಾಳಿ ಸಾದಾ ಕಬ್ಬಿಣವನ್ನು ಎಷ್ಟು ದಿನ ಉಳಿಸುತ್ತದೆಂಬುದನ್ನು ನಿಮ್ಮ ಮನೆಯ ಗೇಟೇ ತೋರಿಸುತ್ತಿರಬೇಕು.

ಚಿತ್ರದಲ್ಲಿ ಇನ್ನೆರಡು ಸಂಗತಿಗಳು ಕಂಡವು, ನೀವು ಕೇಳದಿದ್ದರೂ ಹೇಳುತ್ತೇನೆ. ಎಸಿಯ ಡ್ರೇನ್ ಪೈಪ್ ಒಂದು ಕಡೆ ಮೇಲಕ್ಕೆ ಬಾಗಿದಂತಿದೆ. ಮೀಟರಿಗೆ ಕನಿಷ್ಠ 10 ಮಿ.ಮೀ. ಇಳಿಜಾರು ಉದ್ದಕ್ಕೂ ಸಿಗಬೇಕು, ಆ ಪೈಪ್‌ಗೂ ಹೊದಿಕೆ ಬೇಕು. ದೀಪದ ವೈರಿಂಗ್‌ಗಾಗಿ ಅದನ್ನು ಯಾರೂ ಎತ್ತಿ ಕಟ್ಟದಂತೆ ನೋಡಿಕೊಳ್ಳಿ. ಎರಡನೆಯದು, ವೈರುಗಳು ಡಕ್ಟ್‌ನ ಮೇಲೆ ಹಾಗೇ ಬಿದ್ದಿವೆ. ತಗಡಿನ ಅಂಚು ವೈರಿನ ಹೊರಪದರವನ್ನು ಕೊಯ್ದರೆ ಇಡೀ ಡಕ್ಟ್‌ಗೆ ಕರೆಂಟ್ ಹರಿಯುತ್ತದೆ. ಎಲ್ಲ ವೈರುಗಳೂ ಪಿವಿಸಿ ಪೈಪ್‌ನೊಳಗೆ, ಡಕ್ಟ್‌ಗೆ ತಾಗದಂತೆ, ಸ್ಲ್ಯಾಬ್‌ಗೆ ಕ್ಲಿಪ್ ಹಾಕಿ ಹೋಗಬೇಕು. ಡಕ್ಟ್‌ಗೆ ಅರ್ಥಿಂಗ್ ಇರಬೇಕು, ದೀಪದ ಸರ್ಕ್ಯೂಟ್‌ಗೆ ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಬೇಕು.

ಘಟಕಕ್ಕೆ ಮರಳುವ ಗಾಳಿ ಫಾಲ್ಸ್ ಸೀಲಿಂಗ್‌ನ ಪೊಳ್ಳಿನ ಮೂಲಕವೇ ಹೋಗುತ್ತಿದೆಯೋ ಅಥವಾ ಅದಕ್ಕೆ ಪ್ರತ್ಯೇಕ ಡಕ್ಟ್ ಇದೆಯೋ ಎಂಬುದು ಚಿತ್ರದಿಂದ ತಿಳಿಯಲಿಲ್ಲ. ಪೊಳ್ಳಿನ ಮೂಲಕ ಹೋಗುತ್ತಿದ್ದರೆ ಪ್ರತಿ ದೀಪದ ತೂತಿನ ಅಂಚೂ ಹಾಲ್‌ನ ಗಾಳಿಯನ್ನು ಮೇಲಕ್ಕೆ ಸೆಳೆಯುತ್ತದೆ, ಕೆಲವೇ ತಿಂಗಳಲ್ಲಿ ದೀಪಗಳ ಸುತ್ತ ಧೂಳಿನ ಕಪ್ಪು ಉಂಗುರ ಕಾಣಿಸಿಕೊಳ್ಳುತ್ತದೆ. ದೀಪದ ಚೌಕಟ್ಟಿನ ಹಿಂದೆ ತೆಳುವಾದ ಫೋಮ್ ಬಳೆ ಇಡಿಸಿದರೆ ಇದು ತಪ್ಪುತ್ತದೆ. ಪೊಳ್ಳು ಯಾವುದಾದರೂ ಸಂದಿನ ಮೂಲಕ ಹೊರಗಿನ ಗಾಳಿಗೆ ತೆರೆದುಕೊಂಡಿದ್ದರೆ ಅದನ್ನು ಮುಚ್ಚಿಸಲೇಬೇಕು. 28 ಡಿಗ್ರಿ ಉಷ್ಣತೆ ಮತ್ತು ಶೇಕಡಾ 90ರ ತೇವಾಂಶವಿರುವ ಮಳೆಯ ಗಾಳಿ ನೇರವಾಗಿ ಒಳಬಂದರೆ 25 ಮಿ.ಮೀ. ಹೊದಿಕೆಯೂ ಬೆವರದೆ ಇರುವುದಿಲ್ಲ.

ಕೆಲಸದ ಕ್ರಮ ತಪ್ಪಿದರೆ ಮೇಲಿನ ಅಳತೆಗಳೆಲ್ಲ ವ್ಯರ್ಥವಾಗುತ್ತವೆ. ದೀಪಗಳ ಸ್ಥಾನವನ್ನು ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಿ, ತೂಗುಗುಂಡು ಇಳಿಬಿಟ್ಟು ಅಥವಾ ಲೇಸರ್ ಹಿಡಿದು ಮೇಲಕ್ಕೆ ಒಯ್ಯಬೇಕು. ಆಮೇಲೆ ಕವಲು, ಡ್ರೇನ್, ವೈರಿನ ಪೈಪ್, ಅದಾದ ಮೇಲೆ ಸೀಲಿಂಗ್‌ನ ಚಾನೆಲ್. ಹಲಗೆ ಹೊಡೆಯುವ ಚಾನೆಲ್‌ಗಳು ಸಾಮಾನ್ಯವಾಗಿ ಒಂದೂವರೆ ಅಡಿಗೊಂದರಂತೆ ಬರುತ್ತವೆ. ದೀಪದ ಗುರುತು ಮೊದಲೇ ಇದ್ದರೆ ಅವನ್ನು ಎರಡಿಂಚು ಆಚೀಚೆ ಮಾಡಬಹುದು, ಇಲ್ಲದಿದ್ದರೆ ತೂತು ಕೊರೆಯುವವರು ಚಾನೆಲನ್ನೇ ಕತ್ತರಿಸಿಬಿಡುತ್ತಾರೆ. ಹಲಗೆ ಮುಚ್ಚುವ ಮೊದಲು ಎಸಿಯನ್ನು ಮೂರು ನಾಲ್ಕು ಗಂಟೆ ಸತತವಾಗಿ ಓಡಿಸಿ, ಪ್ರತಿ ಕೀಲಿನ ಬಳಿ ಹಚ್ಚಿದ ಊದುಬತ್ತಿ ಹಿಡಿದು ಹೊಗೆ ಅಲುಗುತ್ತದೆಯೇ ನೋಡಿ, ಹೊದಿಕೆಯ ಮೇಲೆ ಅಂಗೈ ಇಟ್ಟು ತೇವವಿದೆಯೇ ಪರೀಕ್ಷಿಸಿ. ಈ ಪರೀಕ್ಷೆಯನ್ನು ಡಿಸೆಂಬರಿನ ಒಣಹವೆಯಲ್ಲಿ ಮಾಡಿದರೆ ಬೆವರಿನ ವಿಷಯ ಏನೂ ತಿಳಿಯುವುದಿಲ್ಲ. ಸಾಧ್ಯವಾದರೆ ಜೂನ್‌ನ ಮೊದಲ ಮಳೆ ಬೀಳುವವರೆಗೆ ಡಕ್ಟ್‌ನ ಭಾಗದ ಹಲಗೆಯನ್ನು ಮುಚ್ಚಿಸಬೇಡಿ. ಮನೆ ಕೆಲವು ವಾರ ಅಂದಗೆಟ್ಟಂತೆ ಕಾಣುತ್ತದೆ, ಅದನ್ನು ಸಹಿಸಿಕೊಳ್ಳಿ. ಹಲಗೆಯನ್ನು ತೇವ ತಾಳುವ ಹಸಿರು ಬಣ್ಣದ್ದೇ ತರಿಸಿ, ಘಟಕದ ಕೆಳಗೆ ಆಳು ಹತ್ತಬಹುದಾದಷ್ಟು ದೊಡ್ಡ ಬಾಗಿಲು ಬಿಡಿಸಿ.

ಶಿರಸಿಯ ಜಗಲಿಯ ವಿಷಯ ಬೇರೆಯೇ. ಅಲ್ಲಿ ಡಕ್ಟ್ ಇಲ್ಲ, ಮೇಲೆ ಹೆಂಚು, ಕೆಳಗೆ ಮರದ ಮುಚ್ಚಿಗೆ. ಮುಚ್ಚಿಗೆಯನ್ನು ಕೊರೆದು ದೀಪ ಹುದುಗಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಅದರ ಮೇಲೆ ವರ್ಷಗಳ ಕಸ, ಜೇಡರ ಬಲೆ, ಒಣ ಎಲೆ ಸೇರಿರುತ್ತವೆ, ಇಲಿಗಳ ಓಡಾಟವಂತೂ ಇದ್ದೇ ಇರುತ್ತದೆ. ಡ್ರೈವರನ್ನೂ ಪೈಪಿಲ್ಲದ ವೈರನ್ನೂ ಅಂಥಲ್ಲಿ ಬಿಟ್ಟು ಕಣ್ಣಿಗೆ ಕಾಣದಂತೆ ಮಾಡುವುದು ಬೆಂಕಿಗೆ ಜಾಗ ಮಾಡಿಕೊಟ್ಟಂತೆ. ಹೆಂಚು ಸರಿದು ನೀರು ಇಳಿದರೂ ಮೊದಲು ಸೇರುವುದು ಆ ತೂತುಗಳಿಗೇ. ತೊಲೆಯ ಪಕ್ಕಕ್ಕೆ ಹೊರಮೈ ದೀಪಗಳನ್ನು ಹಾಕಿಸಿ, ವೈರಿನ ಪೈಪನ್ನು ತೊಲೆಯ ಬಣ್ಣಕ್ಕೆ ಬಳಿಸಿ. ಮುಚ್ಚಿಗೆಯ ಹಲಸಿನ ಹಲಗೆಯ ಮೇಲೆ ಬೆಳಕು ಓರೆಯಾಗಿ ಬೀಳುವಂತೆ ಅವುಗಳನ್ನು ಮೇಲ್ಮುಖವಾಗಿ ತಿರುಗಿಸಿದರೆ, ಜಗಲಿಯಲ್ಲಿ ಕೂತವರ ಕಣ್ಣಿಗೆ ದೀಪ ರಾಚುವುದಿಲ್ಲ.